ಟೆಂಪೋದ ಮುಂದಿನ ಸೀಟಿನ ಬುದ್ಧ

ಶಹಾಪುರದಲ್ಲಿ ಮದುವೆಯ ಮಾತು ಮುಗಿದ ಕೂಡಲೇ ಜನ ಮೊದಲು ಹೋಗುವುದು ಪಂಚಶೀಲಾಳ ಶಾಮಿಯಾನ ಅಂಗಡಿಗೆ. ಕುರ್ಚಿ, ಜಮಖಾನೆ, ಡೇಗ್ಚಿ, ಸೌಟು, ಫ್ಯಾನು, ವೇದಿಕೆಗೆ ಬಟ್ಟೆಯ ಹೂವು, ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಟೆಂಪೋ ಓಡಿಸುವುದು ಗಂಡ ಬಾಲರಾಜನ ಕೆಲಸ, ಮಾತು ಮಾತ್ರ ಪೂರ್ತಿ ಇವಳದು. ಮರಳಿ ಬಂದ ಡೇಗ್ಚಿಯೊಳಗೆ ಮೂಗು ತೂರಿಸಿ, ಬದನೆಕಾಯಿ ತಳ ಹಿಡಿದಿತ್ತೋ ಹುಗ್ಗಿ ತಳ ಹಿಡಿದಿತ್ತೋ ಹೇಳಿಬಿಡುತ್ತಾಳೆ. ಒಯ್ದವರು ನಾಚಿಕೊಂಡು ಮತ್ತೊಮ್ಮೆ ತಿಕ್ಕಿಕೊಟ್ಟೇ ಹೋಗಬೇಕು.

ಅವಳ ಅಂಗಡಿಯಲ್ಲಿ ಒಬ್ಬ ಬುದ್ಧನೂ ಇದ್ದ. ಬೌದ್ಧರ ಮದುವೆಗಳಲ್ಲಿ ವೇದಿಕೆಯ ಮೇಲೆ ಕೂರಿಸುವ ಪ್ಲಾಸ್ಟರಿನ ಮೂರ್ತಿ. ಊರೂರು ತಿರುಗಿದ ಆ ಬುದ್ಧನ ಎಡಗಿವಿ ತಿಂಥಣಿಯ ದಾರಿಯಲ್ಲಿ ಮುರಿಯಿತು. ಅದನ್ನು ಕಂಡದ್ದು ಬೇರೆ ಯಾರೂ ಅಲ್ಲ, ಸುರಪುರದ ಹಣಮಂತ್ರಾಯರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದರೂ ತಪ್ಪು ಹುಡುಕುವ ಚಾಳಿ ನಿವೃತ್ತವಾಗಿರಲಿಲ್ಲ. ಮೊಮ್ಮಗಳ ಮದುವೆಗೆ ಸಾಮಾನು ಹೇಳಲು ಬಂದಿದ್ದರು.

“ಕಿವಿ ಇಲ್ದ ಬುದ್ಧ ನಮ್ಮ ಹುಡುಗಿ ಮಾತು ಹ್ಯಾಂಗ ಕೇಳ್ತಾನವಾ? ಛಲೋ ಬುದ್ಧನ್ನ ತಂದ್ರ ಕುರ್ಚಿನೂ ನಿಂದೇ, ಡೇಗ್ಚಿನೂ ನಿಂದೇ. ಇಲ್ಲಂದ್ರ ಯಾದಗಿರಿ ಶಾಮಿಯಾನದವರಿಗೆ ಹೇಳ್ತೀನಿ ನೋಡು.”

ಹಣಮಂತ್ರಾಯರ ಮನೆ ಕೈತಪ್ಪಿದರೆ ಸುರಪುರದ ಅವರ ಬೀಗರು, ನೆಂಟರು ಎಲ್ಲರೂ ಕೈತಪ್ಪಿದಂತೆಯೇ. ಪಂಚಶೀಲಾ ಅದೇ ತಿಂಗಳು ವೇದಿಕೆಯ ಬಟ್ಟೆಹೂವು ಸಗಟಿನಲ್ಲಿ ಕೊಳ್ಳಲು ಥಾಯ್ಲೆಂಡಿಗೆ ಹೊರಟಿದ್ದಳು. ಬುದ್ಧನನ್ನೂ ಅಲ್ಲಿಂದಲೇ ತರುವೆನೆಂದು ಮಾತು ಕೊಟ್ಟಳು.

ಬ್ಯಾಂಕಾಕಿನಲ್ಲಿ ಅವಳಿಗೆ ಶಾಕೀರ ಇದ್ದಳು. ಇಬ್ಬರೂ ಸುರಪುರದ ಶಾಲೆಯಲ್ಲಿ ಒಂದೇ ಬೆಂಚಿನವರು. ಶಾಕೀರಳ ಗಂಡ ಅಲ್ಲಿ ದರ್ಜಿ ಅಂಗಡಿ ಇಟ್ಟಿದ್ದರಿಂದ ಅವಳಿಗೆ ಥಾಯ್ ಭಾಷೆ ನೀರು ಕುಡಿದಷ್ಟು ಸಲೀಸು. ಹೂವಿನ ವ್ಯಾಪಾರ ಸರಾಗವಾಗಿ ಮುಗಿಯಿತು. ಬಣ್ಣ ಬಿಡುತ್ತದೆಯೇ ಎಂದು ನೋಡಲು ಪಂಚಶೀಲಾ ಹೂವನ್ನು ತನ್ನ ನೀರಿನ ಬಾಟಲಿಯೊಳಗೆ ತುರುಕಿದಾಗ ಅಂಗಡಿಯವಳು ಮೊದಲು ಗಾಬರಿಯಾದಳು, ಆಮೇಲೆ ತಾನೇ ಬಟ್ಟಲಲ್ಲಿ ನೀರು ತಂದಿಟ್ಟಳು.

ಮೂರ್ತಿಯ ಅಂಗಡಿಯಲ್ಲಿ ಮಾತ್ರ ತೊಡಕಾಯಿತು. ಅಂಗಡಿಯವನ ಮಾತನ್ನು ಶಾಕೀರ ಕನ್ನಡಕ್ಕೆ ತಂದಳು.

“ಬಾಡಿಗಿಗಿ ಕೊಡ್ತಾನಂತ, ಶೀಲಾ.”

ಬಾಡಿಗೆಯೆಂದರೆ ಪಂಚಶೀಲಾಳಿಗೆ ತವರುಮನೆಯಿದ್ದಂತೆ. ಎಷ್ಟು ದಿನಕ್ಕೆ, ಮುಂಗಡವೆಷ್ಟು, ಒಡೆದರೆ ಭರ್ತಿ ಯಾರು ಮಾಡಬೇಕು, ಮರಳಿ ಕಳಿಸುವ ಖರ್ಚು ಯಾರದು ಎಂದು ಒಂದೇ ಉಸಿರಿಗೆ ಕೇಳಿದಳು. ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹಣ ಒಮ್ಮೆ ಕೊಟ್ಟರೆ ಮೂರ್ತಿ ಕೊಟ್ಟವರ ಬಳಿಯೇ ಇರುತ್ತದೆ ಎಂದು ಶಾಕೀರ ಬಿಡಿಸಿ ಹೇಳಿದಳು. ಆದರೆ ಬುದ್ಧನನ್ನು ಕೊಂಡೆ ಎನ್ನಬಾರದು, ಅವನಿಗೆ ಮಾಲೀಕರು ಯಾರಿದ್ದಾರೆ? ಅದಕ್ಕೇ ಬಾಡಿಗೆ ಎನ್ನುವುದು ಅಲ್ಲಿಯ ರೂಢಿ.

ಪಂಚಶೀಲಾಳಿಗೆ ಹಿಗ್ಗೋ ಹಿಗ್ಗು. ಬುದ್ಧನನ್ನೂ ಬಾಡಿಗೆಗೆ ಬಿಟ್ಟವಳು ಎಂದು ಊರಲ್ಲಿ ಆಡಿಕೊಳ್ಳುವವರಿದ್ದರು. ಇಲ್ಲಿ ದೇಶಕ್ಕೆ ದೇಶವೇ ಅವಳ ಭಾಷೆಯನ್ನು ಆಡುತ್ತಿತ್ತು. ಆ ಹುರುಪಿನಲ್ಲಿ, ತಾನೂ ಬುದ್ಧನನ್ನು ಬಾಡಿಗೆಗೆ ಕೊಡುವವಳೇ, ಕುರ್ಚಿ ಡೇಗ್ಚಿಗಳ ಜೊತೆ ಮದುವೆಮನೆಗಳಿಗೆ ಕಳಿಸುತ್ತೇನೆ ಎಂದುಬಿಟ್ಟಳು. ಅಂಗಡಿಯವನ ನಗು ಅಲ್ಲಿಗೇ ನಿಂತಿತು. ಬುದ್ಧನೆಂದರೆ ಅಲಂಕಾರದ ಸಾಮಾನಲ್ಲ ಎಂದು ಹೇಳಿ, ಮೂರ್ತಿಗಳ ಕಪಾಟಿನ ಗಾಜಿನ ಬಾಗಿಲು ಎಳೆದು ಮುಚ್ಚಿದ.

ಅಯುತ್ಥಯಾ ನಗರದ ಮೂರ್ತಿ ಅಂಗಡಿಯಲ್ಲೂ ಹಾಗೆಯೇ ಆಯಿತು. ಅಲ್ಲಿನ ಹೆಂಗಸು ಮೂರ್ತಿಯನ್ನು ಎಲ್ಲಿಡುವಿರಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಎರಡೂ ಕೈ ಮುಗಿದು ತಲೆಬಾಗಿದಳು. ಅದು ಒಪ್ಪಿಗೆಯೆಂದು ಪಂಚಶೀಲಾ ಹಣದ ಚೀಲ ಬಿಚ್ಚತೊಡಗಿದಾಗ, ಅದು “ಇಲ್ಲ” ಎಂಬುದರ ಗುರುತೆಂದು ಶಾಕೀರ ತಿಳಿಸಬೇಕಾಯಿತು. ಶಹಾಪುರದ ಬಜಾರಿನಲ್ಲಿ ಪಳಗಿದ ಕಿವಿಗೆ ಇಷ್ಟು ಮೆತ್ತಗಿನ “ಇಲ್ಲ” ಹೊಸದು.

ಫಿಟ್ಸನುಲೋಕ್ ನಗರಕ್ಕೆ ಹೋಗುವ ರೈಲಿನಲ್ಲಿ ಇಬ್ಬರೂ ಊರಿನಿಂದ ತಂದ ಒಣ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಕೂತರು. ಆ ನಗರದಲ್ಲಿ ಕಂಚಿನ ಬುದ್ಧನನ್ನು ಎರಕ ಹೊಯ್ಯುವ ಮನೆಯೊಂದಿತ್ತು. ಅದೇ ಕೊನೆಯ ಆಸೆ.

“ಮನ್ಯಾಗ ಇಟ್ಟು ಪೂಜಾ ಮಾಡ್ತೀನಿ ಅನ್ನು, ಮುಗೀತು,” ಎಂದಳು ಶಾಕೀರ. “ಯಾರು ಶಹಾಪುರಕ್ಕ ಬಂದು ನೋಡ್ತಾರ?”

“ನಮ್ಮಪ್ಪ ಐದೂ ಶೀಲ ಕೂಡಿಸಿ ನನಗ ಹೆಸರಿಟ್ಟಾನ. ಸುಳ್ಳು ಹೇಳಬ್ಯಾಡ ಅಂಬೋದು ಅದರಾಗೇ ಅದ. ಬುದ್ಧನ್ನ ತರಾಕ ಬುದ್ಧನ ಮಾತೇ ಮುರೀಲೇನು?”

“ಹಂಗಾದ್ರ ಖಾಲಿ ಕೈಲೇ ನಡಿ. ನಿಮ್ಮೂರ ಗುಡ್ಡದಾಗ ಕಲ್ಲೇ ಬುದ್ಧ ಆಗಿ ಅಷ್ಟುದ್ದ ಮಲಗ್ಯಾನ, ಆತನ್ನೇ ಎಬ್ಬಿಸ್ಕೊಂಡು ಹೋಗು ಹಣಮಂತ್ರಾಯರ ಮನಿಗಿ.”

ಎರಕದ ಮನೆಯ ಯಜಮಾನಿ ಒಬ್ಬ ಅಜ್ಜಿ. ಪಂಚಶೀಲಾ ಈ ಸಲ ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು. ಅಜ್ಜಿ ಸಿಟ್ಟಾಗಲಿಲ್ಲ, ಕಿವಿ ಹೇಗೆ ಮುರಿಯಿತೆಂದು ಮಾತ್ರ ಕೇಳಿದಳು.

“ಅವತ್ತು ನನಗ ಜ್ವರ ಬಂದಿತ್ತು,” ಎಂದಳು ಪಂಚಶೀಲಾ. “ನಾ ಹೋಗಲಿಲ್ಲ. ನಮ್ಮವರು ಆತನ್ನ ಟೆಂಪೋದ ಹಿಂದ ಕುರ್ಚಿ ನಡುವ ಇಟ್ಟು ಒಯ್ದರು. ಇಲ್ಲಂದ್ರ ಸಾಮಾನು ಹಿಂದ, ಆತ ಮುಂದಿನ ಸೀಟಿನಾಗ ನನ್ನ ತೊಡಿ ಮ್ಯಾಗ. ಹಾದಿ ಕೆಟ್ಟಿದ್ರ ತೆಲಿ ಹಿಡ್ಕೊಂಡು ಕೂಡ್ತೀನಿ. ಮದುವಿ ಮುಗಿಯೋತನಕ ನಾ ಅಲ್ಲೇ ಇರ್ತೀನಿ.”

ಇದನ್ನು ಅವಳು ಹಿಂದಿನ ಎರಡು ಊರುಗಳಲ್ಲಿ ಹೇಳಿರಲಿಲ್ಲ. ಹೇಳತಕ್ಕ ಸಂಗತಿಯೆಂದೇ ಅವಳಿಗೆ ತೋಚಿರಲಿಲ್ಲ. ಅಜ್ಜಿ ಇನ್ನೊಂದೇ ಮಾತು ಕೇಳಿದಳು: ವೇದಿಕೆಯಲ್ಲಿ ಅವನು ಎಲ್ಲರಿಗಿಂತ ಮೇಲೆ ಕೂರುತ್ತಾನೆಯೇ? ಹಣಮಂತ್ರಾಯರೂ ಅವನಿಗಿಂತ ಕೆಳಗೇ ಕೂರುತ್ತಾರೆ ಎಂದಳು ಪಂಚಶೀಲಾ. ಹಣಮಂತ್ರಾಯರು ಯಾರೆಂದು ತಿಳಿಯದಿದ್ದರೂ ಅಜ್ಜಿ ತೃಪ್ತಳಾಗಿ, ಶಾಕೀರಳತ್ತ ತಿರುಗಿ ಏನೋ ಹೇಳಿದಳು.

“ಬುದ್ಧ ಬಾಡಿಗಿಗಿ ಹೋಗಂಗಿಲ್ಲಂತ. ಬೀಗರಂಗ ಮದುವಿಗಿ ಹೋಗ್ತಾನಂತ. ಒಯ್ಯಿ ಅಂತಾಳ.”

ಮೂರ್ತಿಯನ್ನು ದೇಶದಾಚೆ ಒಯ್ಯಲು ಬೇಕಾದ ಸರಕಾರದ ಅಪ್ಪಣೆಯನ್ನು ಆ ಮನೆಯವರೇ ಓಡಾಡಿ ತಂದುಕೊಟ್ಟರು. ಬುದ್ಧ ಕಂಚಿನವನು, ಎರಡು ವರ್ಷದ ಕೂಸಿನಷ್ಟು ಭಾರ. ಬಿದ್ದರೆ ಪೆಟ್ಟಾಗುವುದು ನೆಲಕ್ಕೇ.

ಸುರಪುರದ ಮದುವೆಯ ದಿನ ಹಣಮಂತ್ರಾಯರು ಕನ್ನಡಕ ಏರಿಸಿಕೊಂಡು ವೇದಿಕೆ ಹತ್ತಿದರು. ಎಡಗಿವಿ ನೋಡಿದರು, ಬಲಗಿವಿ ನೋಡಿದರು, ಮೂಗು ಸವರಿದರು, ಬೆನ್ನ ಹಿಂದೆ ಹೋಗಿ ಬೆರಳಿನಿಂದ ಬಡಿದರು. ಕಂಚು ಸಣ್ಣಗೆ ಗುಂಯ್‌ಗುಟ್ಟಿತು. ಪಂಚಶೀಲಾ ಅವರ ಬೆರಳನ್ನೇ ನೋಡುತ್ತಿದ್ದಳು. ಅವರು ಕೆಳಗಿಳಿದು, ಮೇಲೆ ನೋಡಿ, ಸುತ್ತ ನೋಡಿ, ಕೊನೆಗೆ ಮೂಲೆಯತ್ತ ಕೈ ತೋರಿಸಿದರು.

“ಆ ಫ್ಯಾನು ತಿರಗವಲ್ದು ನೋಡವಾ.”

ಪಂಚಶೀಲಾಳ ಎದೆ ಹಗುರವಾಯಿತು. ಸೆರಗು ಸಿಕ್ಕಿಸಿಕೊಂಡು, ಬಾಲರಾಜನನ್ನು ಕೂಗುತ್ತ, ಫ್ಯಾನಿನ ಕಡೆಗೆ ನಡೆದಳು.