ಅಕ್ಕನ ಉಸಿರಿಗೆಂದು ಹಾಕಿಸಿದ ಸೋಲಾರ್

ಕರೆಂಟ್ ಹೋಯಿತೆಂದು ನಮ್ಮ ಕಡೆ ಯಾರೂ ಗಾಬರಿ ಬೀಳುವುದಿಲ್ಲ. ಕೊಪ್ಪ, ಶೃಂಗೇರಿ ಸುತ್ತ ಹುಟ್ಟಿ ಬೆಳೆದವರಿಗೆ ಅದು ನೆಗಡಿ ಇದ್ದ ಹಾಗೆ, ನಾಲ್ಕು ದಿನ ಕಾಡಿ ತಾನಾಗಿ ಬಿಡುತ್ತದೆ. ನಾನೂ ಹಾಗೇ ಇದ್ದವಳು. ಆದರೆ ಅಕ್ಕನ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ ಮೇಲೆ ಬಲ್ಬು ಒಂದು ಸಲ ಮಿಣುಕಿದರೂ ನನ್ನ ಎದೆ ಧಸಕ್ಕೆನ್ನತೊಡಗಿತು.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಐದು, ತಮ್ಮನಿಗೆ ಮೂರು. ನಮ್ಮಿಬ್ಬರನ್ನು ಸಾಕಲು ಅವಳು ನೆಮ್ಮಾರಿನ ಒಂದು ದೊಡ್ಡ ಮನೆಗೆ ಅಡುಗೆಗೆ ಸೇರಿದಳು. ಮೂವತ್ತು ವರ್ಷ ಸೌದೆ ಒಲೆಯ ಮುಂದೆ ನಿಂತಳು. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಗೂ ಅವಳೇ ಬೆಂಕಿ ಹಾಕಬೇಕು. ಮದುವೆ ಅಂತ ಒಂದಾಗಲಿಲ್ಲ, ಯಾರೂ ಮಾಡಲೂ ಇಲ್ಲ. ಕೈಲಾಗದ ಮೇಲೆ ನನ್ನ ಮನೆಗೆ ಬಂದಳು. ಶ್ವಾಸಕೋಶಕ್ಕೆ ಹೊಗೆ ಹಿಡಿದಿದೆ, ಇನ್ನು ದಿನಕ್ಕೆ ಹದಿನೈದು ಹದಿನಾರು ಗಂಟೆ ಆಕ್ಸಿಜನ್ ಮೆಷಿನ್ನಿನಿಂದಲೇ ಉಸಿರಾಡಬೇಕು ಅಂತ ಡಾಕ್ಟರು ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ಕರೆಂಟ್ ಬಿಲ್ ಎಷ್ಟು ಬರ್ತದೆ ಡಾಕ್ಟ್ರೇ?"

ತಮ್ಮನಿಗೆ ನರಸಿಂಹರಾಜಪುರದಲ್ಲಿ ಟಯರ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಆಸ್ಪತ್ರೆಗೆ ಐದು ನಿಮಿಷದ ದಾರಿ. ಪೇಟೆಯಾದ್ದರಿಂದ ಕರೆಂಟ್ ಹೋದರೂ ಬೇಗ ಬರುತ್ತದೆ. ಆ ಚಳಿಗಾಲದಲ್ಲಿ ಅವನು ಬಂದು ಜಗಲಿಯಲ್ಲಿ ಕೂತು ಖಡಾಖಂಡಿತವಾಗಿ ಹೇಳಿದ.

"ಸಣ್ಣಕ್ಕ, ಮಳೆ ಹಿಡಿಯೋದ್ರೊಳಗೆ ಇಲ್ಲಿ ಎಂತಾದ್ರೂ ವ್ಯವಸ್ಥೆ ಆಗ್ಬೇಕು. ಇಲ್ದಿದ್ರೆ ದೊಡ್ಡಕ್ಕನ್ನ ನಾನು ಕರ್ಕೊಂಡು ಹೋಗ್ತೀನಿ. ಅಲ್ಲಿ ಅಷ್ಟು ಅನುಕೂಲ ಇರೋದು ಬಿಟ್ಟು ಇಲ್ಲಿ ಕತ್ಲೆಯಲ್ಲಿ ಅವಳು ಉಸಿರು ಎಳೀತಾ ಕೂರೋದು ನಂಗೆ ನೋಡಕ್ಕಾಗಲ್ಲ."

"ನಿನ್ನ ಟಯರ್ ವಾಸನೇಲಿ ಅವಳಿಗೆ ಉಸಿರು ಬರ್ತದಾ ಮಾರಾಯ? ವ್ಯವಸ್ಥೆ ನಾನು ಮಾಡ್ತೀನಿ, ನೀನು ಸುಮ್ನಿರು" ಎಂದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನನ್ನು ಸಾಕಿದವಳು ನನ್ನ ಮನೆಯಲ್ಲೇ ಇರಬೇಕು ಎಂಬ ಹಟ ನನಗೆ.

ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ದಿನಾ ನಾಲ್ಕು ಪೇಪರು ಓದುತ್ತೇನೆ ಅನ್ನುವ ಜಂಭ ಮಾತ್ರ ಬೇಕಾದಷ್ಟಿತ್ತು. ಊರಿನವರು ಪಿಂಚಣಿ ಅರ್ಜಿಗೆ, ಪಹಣಿ ತಿದ್ದುಪಡಿಗೆ ನನ್ನನ್ನೇ ಕೇಳುತ್ತಿದ್ದರು. ಮನೆಯ ಮೇಲೆ ಸೋಲಾರ್ ಹಾಕಿಸಿದರೆ ಸರ್ಕಾರ ಸಬ್ಸಿಡಿ ಕೊಡುತ್ತದೆ, ಬ್ಯಾಂಕು ಸಾಲ ಕೊಡುತ್ತದೆ ಎಂದು ಓದಿದ ದಿನವೇ ತೀರ್ಮಾನ ಮಾಡಿಬಿಟ್ಟೆ. ಕರೆಂಟ್ ಹೋದರೆ ರಾತ್ರಿಗೆ ಒಂದು ಆಕ್ಸಿಜನ್ ಸಿಲಿಂಡರ್, ಹಗಲಿಗೆ ಸೂರ್ಯ. ಮೋಡ ಇದ್ದರೂ ಒಂದಿಷ್ಟು ಕರೆಂಟ್ ಬಂದೇ ಬರುತ್ತದೆ, ಒಂದು ಮೆಷಿನ್ನಿಗೆ ಅಷ್ಟು ಸಾಲದೇ? ಹೀಗಿತ್ತು ನನ್ನ ಲೆಕ್ಕಾಚಾರ.

ನಮ್ಮನೆಯವರು ಮದುವೆ ಮನೆಗಳಿಗೆ ಅಡುಗೆಗೆ ಹೋಗುವವರು. ಮಾತು ಕಡಿಮೆ. "ಒಂದು ಇನ್ವರ್ಟರು, ಎರಡು ಬ್ಯಾಟರಿ ತಂದ್ರೆ ಸಾಕಾಗಿತ್ತೇನೋ" ಎಂದು ಒಂದೇ ಸಲ ಅಂದರು. ಕೊಪ್ಪದ ಕರೆಂಟ್ ಸಾಮಾನಿನ ಅಂಗಡಿಯವರೂ ಅದನ್ನೇ ಅಂದರು. "ಅಮ್ಮಾ, ಬ್ಯಾಟರಿ ಇಲ್ಲದ್ದು ತಗೋಬೇಡಿ. ನಿಮ್ಮ ಕೆಲ್ಸಕ್ಕೆ ಅದು ಆಗಲ್ಲ."

ಬ್ಯಾಟರಿ ಮಾರುವವರು ಮತ್ತೇನು ಹೇಳುತ್ತಾರೆ ಎಂದುಕೊಂಡೆ. "ಹಗಲಿಗೆ ಬ್ಯಾಟರಿ ಎಂತಕ್ಕೆ? ಸೂರ್ಯ ಇರ್ತಾನಲ್ಲ" ಎಂದು ಅವರ ಬಾಯಿ ಮುಚ್ಚಿಸಿ ಬಂದೆ. ಬ್ಯಾಟರಿ ಇರುವ ಸೋಲಾರಿಗೆ ಸಬ್ಸಿಡಿಯ ಮೇಲೆ ಇನ್ನಷ್ಟು ನಾವೇ ಹಾಕಬೇಕಿತ್ತು, ಅದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಎಟುಕದ್ದು ಬೇಡವೇ ಬೇಡ ಎಂದು ಮನಸ್ಸನ್ನು ಒಪ್ಪಿಸುವುದು ಸುಲಭ.

ಬ್ಯಾಂಕಿನವರು ಕೊಟ್ಟ ಸಾಲದ ಮೇಲೆ ಮುಂಗಡ ನಾವು ಕಟ್ಟಬೇಕು. ಸಬ್ಸಿಡಿ ಬರುವುದು ಎಲ್ಲಾ ಮುಗಿದ ಮೇಲೆ. ಮನೆಯಲ್ಲಿ ಮಾರಬಹುದಾದ್ದು ಅಂತ ಇದ್ದದ್ದು ನಮ್ಮನೆಯವರ ಸ್ಕೂಟರ್ ಒಂದೇ. ನಸುಕಿನಲ್ಲಿ ಹರಿಹರಪುರಕ್ಕೋ ಶೃಂಗೇರಿಗೋ ಅಡುಗೆಗೆ ಹೋಗಲು ಅವರಿಗೆ ಅದೇ ಕಾಲು. "ಬಸ್ಸಿಲ್ವಾ?" ಎಂದೆ. ಅವರು ಸ್ಕೂಟರನ್ನು ತೊಳೆದು, ಒರೆಸಿ, ಕೊಪ್ಪಕ್ಕೆ ಹೋಗಿ ಕೊಟ್ಟು ಬಸ್ಸಿನಲ್ಲಿ ವಾಪಸ್ ಬಂದರು.

ಸೋಲಾರ್ ಕಂಪನಿಯಿಂದ ಬಂದ ಹುಡುಗ ಬಯಲುಸೀಮೆಯವನು, ಒಳ್ಳೆಯವನೇ. ಅವನು ಸುಳ್ಳು ಹೇಳಲಿಲ್ಲ, ಇದನ್ನು ನಾನು ಖಂಡಿತ ಹೇಳಬೇಕು. ಬಿಲ್ ಇಳಿಯುತ್ತದೆ, ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ಅದಕ್ಕೆ ದುಡ್ಡು ಬರುತ್ತದೆ ಎಂದೆಲ್ಲ ವಿವರಿಸಿದ. ನಾನು ಇಪ್ಪತ್ತು ಪ್ರಶ್ನೆ ಕೇಳಿದೆ. ಗಾಜಿಗೆ ಪಾಚಿ ಕಟ್ಟಿದರೆ ಏನು ಮಾಡಬೇಕು, ಮಂಗ ಹತ್ತಿದರೆ ಒಡೆಯುತ್ತದಾ, ಸಿಡಿಲು ಬಡಿದರೆ ಯಾರು ಜವಾಬ್ದಾರಿ. ಕರೆಂಟ್ ಹೋದಾಗ ಇದು ಓಡುತ್ತದಾ ಎಂದು ಮಾತ್ರ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಬಯಲುಸೀಮೆಯವರು ಬಿಲ್ ಉಳಿಸಲು ಸೋಲಾರ್ ಹಾಕಿಸುತ್ತಾರೆ. ನಮ್ಮ ಕಡೆ ಸೋಲಾರ್ ಅಂದರೆ ಕರೆಂಟ್ ಹೋದಾಗ ಉರಿಯುವುದು. ಪಂಚಾಯಿತಿಯವರು ಹಿಂದೆ ಕೊಟ್ಟ ಪುಟ್ಟ ಸೋಲಾರ್ ದೀಪದಿಂದ ಹಿಡಿದು ನಾವು ಕಂಡದ್ದೇ ಅದು. ನೀರು ಒದ್ದೆ ಹೌದಾ ಎಂದು ಯಾರಾದರೂ ಕೇಳುತ್ತಾರಾ?

ಯುಗಾದಿಯ ಹೊತ್ತಿಗೆ ತಾರಸಿಯ ಮೇಲೆ ಪ್ಯಾನೆಲ್ ಕೂತವು. ಅಕ್ಕ ಮೂಗಿನ ನಳಿಗೆಯ ಸಮೇತ ಕುರ್ಚಿಯಲ್ಲಿ ಕೂತು ಸೋಲಾರ್ ಜೊತೆಗೆ ಬಂದ ಇನ್ವರ್ಟರಿನ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದಳು. "ನನ್ನ ಸಲುವಾಗಿ ಸೂರ್ಯನ್ನೇ ಕೂಲಿಗೆ ಇಟ್ಟೆಯಲ್ಲೇ ಕೂಸೇ!" ಎಂದು ನಕ್ಕಳು, ನಕ್ಕು ಕೆಮ್ಮಿದಳು. ಲೈನಿಗೆ ಹೋಗುವ ಕರೆಂಟನ್ನೂ ಅಳೆಯುವ ಹೊಸ ಮೀಟರ್ ಬರುವವರೆಗೆ ಚಾಲೂ ಮಾಡುವ ಹಾಗಿರಲಿಲ್ಲ. ಮೀಟರಿಗಾಗಿ ಕೊಪ್ಪಕ್ಕೆ ಓಡಾಡಿ ನನ್ನ ಚಪ್ಪಲಿ ಸವೆಯಿತು. ಆ ಒಂದೂವರೆ ತಿಂಗಳು ಕರೆಂಟ್ ಹೋದಾಗಲೆಲ್ಲ "ಮೀಟರ್ ಬರಲಿ, ಆಮೇಲೆ ನೋಡಿ" ಎನ್ನುತ್ತಿದ್ದೆ. ಮೀಟರ್ ಕೂತ ಮೇಲೆ ಎರಡು ಸಲ ಕರೆಂಟ್ ಹೋಯಿತು, ಎರಡೂ ರಾತ್ರಿ. ರಾತ್ರಿ ಸೂರ್ಯ ಎಲ್ಲಿಂದ ಬರಬೇಕು? ಸಿಲಿಂಡರ್ ತಿರುಗಿಸಿ ಸುಮ್ಮನಾದೆವು. ತಮ್ಮನಿಗೆ ಫೋನು ಮಾಡಿ, "ವ್ಯವಸ್ಥೆ ಆಗಿದೆ. ಇನ್ನು ನೀನು ಸೊಲ್ಲೆತ್ತಬೇಡ" ಎಂದೂ ಹೇಳಿಬಿಟ್ಟೆ.

ಮಳೆಗಾಲದ ಮುಂಚಿನ ಗಾಳಿ ಬಂದದ್ದು ಅದಾದ ಮೂರನೇ ವಾರಕ್ಕೆ. ಸಂಜೆ ಹೋದ ಕರೆಂಟ್ ಬೆಳಗಾದರೂ ಬರಲಿಲ್ಲ. ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು. ಸಿಲಿಂಡರ್ ಬೆಳಗಿನ ಜಾವಕ್ಕೇ ಮುಗಿಯುತ್ತ ಬಂದಿತ್ತು. ನನಗೆ ಅಂಥ ಹೆದರಿಕೆಯೇನೂ ಆಗಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಏಳೂವರೆಗೆ ತಾರಸಿಯ ತುಂಬ ಬಿಸಿಲು ಬಿತ್ತು. "ನೋಡೇ ಅಕ್ಕ, ನಿನ್ನ ಕೂಲಿಯಾಳು ಬಂದ" ಎಂದು ಮೆಷಿನ್ನಿನ ಸ್ವಿಚ್ ಒತ್ತಿದೆ.

ಮೆಷಿನ್ ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದೆ. ಇನ್ವರ್ಟರ್ ಹತ್ತಿರ ಓಡಿದರೆ ಅಲ್ಲಿ ಕೆಂಪು ದೀಪ. ಮೇನ್ ಸ್ವಿಚ್ ತೆಗೆದು ಹಾಕಿದೆ, ಫ್ಯೂಸ್ ನೋಡಿದೆ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಬರುವುದು ತಾರಸಿಯ ಒಂದು ಮೂಲೆಯಲ್ಲಿ ಮಾತ್ರ. ಮೆಟ್ಟಿಲು ಹತ್ತಿ ಪ್ಯಾನೆಲ್ ಪಕ್ಕದಲ್ಲೇ ನಿಂತು ಕಂಪನಿಯ ಹುಡುಗನಿಗೆ ಫೋನು ಮಾಡಿದೆ.

"ಕರೆಂಟ್ ಇಲ್ಲ ಅಂದ್ರೆ ಅದು ಆಫ್ ಆಗ್ಲೇಬೇಕು ಮೇಡಂ. ಇಲ್ಲಾಂದ್ರೆ ನಿಮ್ಮನೆ ಕರೆಂಟ್ ಲೈನಿಗೆ ಹೋಗಿ ರಿಪೇರಿ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡಿಯುತ್ತೆ. ಬ್ಯಾಟರಿ ಇದ್ದಿದ್ರೆ ಬೇರೆ ಮಾತು."

"ಬಿಸಿಲಿದೆಯಲ್ಲೋ ಮಾರಾಯ! ಇಷ್ಟು ಬಿಸಿಲಿದೆ!" ಎಂದು ಕಿರುಚಿದೆ.

"ಬಿಸಿಲಿದ್ರೂ ಅಷ್ಟೇ ಮೇಡಂ" ಎಂದ. ಪಾಪ, ಅವನ ದನಿಯಲ್ಲಿ ಮರುಕವಿತ್ತು. ಪಕ್ಕದಲ್ಲಿದ್ದ ಪ್ಯಾನೆಲ್ ಮೇಲೆ ಕೈ ಊರಿದರೆ ಅದಾಗಲೇ ಬೆಚ್ಚಗಿತ್ತು.

ನಮ್ಮನೆಯವರು ಖಾಲಿ ಸಿಲಿಂಡರ್ ಹೆಗಲ ಮೇಲೆ ಹೊತ್ತು ರಸ್ತೆಗೆ ಓಡಿದರು. ಸ್ಕೂಟರ್ ಇದ್ದಿದ್ದರೆ ಬಿದ್ದ ಮರದ ಪಕ್ಕ ನುಸುಳಿ ಕೊಪ್ಪಕ್ಕೆ ಹೋಗಿ ಬರಲು ಒಂದು ಗಂಟೆ. ಬಸ್ಸು ಮರ ಬಿದ್ದ ಕಡೆ ಆಚೆಯೇ ನಿಂತಿತ್ತು. ನಾನು ತಮ್ಮನಿಗೆ ಫೋನು ಮಾಡಿದೆ. "ಬಾರೋ" ಅಂದೆ ಅಷ್ಟೆ. ಅವನು "ಸಿಲಿಂಡರ್ ಹಿಡ್ಕೊಂಡು ಬರ್ತೀನಿ" ಎಂದು ಫೋನಿಟ್ಟ.

ಅವನು ಬರುವವರೆಗಿನ ಆ ಎರಡೂವರೆ ಗಂಟೆಯನ್ನು ಹೇಗೆ ಬರೆಯಲಿ? ಅಕ್ಕ ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ಪ್ರತಿ ಉಸಿರಿಗೂ ಕತ್ತಿನ ಗುಂಡಿ ಒಳಗೆ ಹೋಗುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ನಾನು ರಟ್ಟು ತೆಗೆದುಕೊಂಡು ಗಾಳಿ ಹಾಕಿದೆ. ಬೆನ್ನು ತಿಕ್ಕಿದೆ. ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಕಿಟಕಿಯಿಂದ ಬಿಸಿಲು ಬಂದು ಅವಳ ತೊಡೆಯ ಮೇಲೆ ಬಿದ್ದಿತ್ತು, ಅದನ್ನು ನೋಡಿದರೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಅವಳು ಒಂದು ಸಲ ನನ್ನ ಕೈ ಹಿಡಿದು, ಗಾಳಿ ಹಾಕುವುದು ನಿಲ್ಲಿಸು, ಕೂತುಕೋ ಎಂದು ಸನ್ನೆ ಮಾಡಿದಳು. ನನ್ನ ತೋಳು ಸೋತದ್ದು ಅವಳ ಕಣ್ಣಿಗೆ ಬಿದ್ದಿತ್ತು.

ತಮ್ಮ ಪಿಕಪ್‌ನಲ್ಲಿ ಎರಡು ಸಿಲಿಂಡರ್ ಹಾಕಿಕೊಂಡು ಬಂದ. ಬಿದ್ದ ಮರದ ಬಳಿ ಸಿಕ್ಕ ನಮ್ಮನೆಯವರನ್ನೂ ಇನ್ನು ನಾಲ್ಕು ಜನರನ್ನೂ ಸೇರಿಸಿ ಕೊಂಬೆ ಕಡಿಸಿ ದಾರಿ ಮಾಡಿಕೊಂಡನಂತೆ, ಅಂಗಿಯೆಲ್ಲ ಹರಿದಿತ್ತು. ನಳಿಗೆ ಹಾಕಿ ಅಕ್ಕನ ತುಟಿಗೆ ಬಣ್ಣ ಬರುವವರೆಗೆ ಅವಳ ಕಾಲ ಬಳಿ ಕೂತಿದ್ದ. ಆಮೇಲೆ ಎದ್ದು ಇನ್ವರ್ಟರಿನ ಕೆಂಪು ದೀಪ ನೋಡಿದ, ನನ್ನನ್ನು ನೋಡಿದ. ಅವನು ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಇನ್ವರ್ಟರ್ ಬದಲಾಯಿಸಿ ಬ್ಯಾಟರಿ ಹಾಕಿಸಬಹುದು ಎಂದು ಕಂಪನಿಯವರು ಹೇಳಿದರು. ಅವರು ಹೇಳಿದ ಮೊತ್ತಕ್ಕೆ ಮಾರಲು ನಮ್ಮಲ್ಲಿ ಇನ್ನೇನೂ ಉಳಿದಿರಲಿಲ್ಲ, ಬ್ಯಾಂಕಿನ ಕಂತು ಬೇರೆ ಶುರುವಾಗಿತ್ತು. ಮುಂದಿನ ಭಾನುವಾರ ತಮ್ಮ ಗಾಡಿ ತರುವುದೆಂದಾಯಿತು. ನಾನು ಅಕ್ಕನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದೆ. ಅವಳು ಹತ್ತಿರ ಕರೆದಳು.

"ಕೂಸೇ, ಯಾರಾದ್ರೂ ಕೇಳಿದ್ರೆ, ನಾನೇ ಹೋಗ್ತೀನಿ ಅಂತ ಹಟ ಹಿಡ್ದೆ ಅನ್ನು. ತಮ್ಮನ ಮನೇಲಿ ಇರ್ಬೇಕು ಅಂತ ಆಸೆ ಆಯ್ತಂತೆ ಅನ್ನು. ಈ ಸೋಲಾರಿನ ಸುದ್ದಿ ಎತ್ತಬೇಡ. ಲೈಬ್ರರಿಗೆ ಬರೋರ ಎದ್ರಿಗೆ ನಿಂಗೆ ತಲೆ ತಗ್ಸೋ ಹಾಗಾಗ್ಬಾರ್ದು."

"ಹೋಗೇ, ನಾನ್ಯಾಕೆ ಸುಳ್ಳು ಹೇಳ್ಲಿ?" ಎಂದೆ.

"ನಾನು ಹೇಳ್ತಿದ್ದೀನಲ್ಲ, ಹೇಳು" ಎಂದಳು. ಚಿಕ್ಕಂದಿನಲ್ಲಿ ಔಷಧಿ ಕುಡಿಸುವಾಗ ಇದೇ ದನಿ ಇರುತ್ತಿತ್ತು.

ನರಸಿಂಹರಾಜಪುರದಲ್ಲಿ ಅವಳು ಆರು ತಿಂಗಳಿದ್ದಳು. ನಾನು ತಿಂಗಳಿಗೆರಡು ಸಲ ಹೋಗಿ ಬರುತ್ತಿದ್ದೆ. ತಮ್ಮನ ಹೆಂಡತಿ ಚೆನ್ನಾಗಿಯೇ ನೋಡಿಕೊಂಡಳು, ಕರೆಂಟೂ ತೊಂದರೆ ಕೊಡಲಿಲ್ಲ. ಶ್ವಾಸಕೋಶವೇ ಮುಗಿದಿತ್ತು. ಮಾರ್ಗಶಿರದ ಚಳಿಯಲ್ಲಿ ಒಂದು ಬೆಳಿಗ್ಗೆ ಬೇಗ ಬಾ ಎಂದು ಫೋನು ಬಂತು. ನಾನಿದ್ದ ಬಸ್ಸು ಇನ್ನೂ ಅರ್ಧ ದಾರಿಯಲ್ಲಿರುವಾಗ ಇನ್ನೊಂದು ಫೋನು ಬಂತು.

ತಮ್ಮನ ಮನೆಯಲ್ಲಿ ನಡೆದ ವೈಕುಂಠ ಸಮಾರಾಧನೆಗೆ ನೆಂಟರೆಲ್ಲ ಬಂದಿದ್ದರು. ಬಡಿಸುವಾಗ ನಮ್ಮ ದೊಡ್ಡಮ್ಮನ ಮಗಳು ಎಲೆಯ ಮುಂದೆ ನನ್ನನ್ನು ತಡೆದು ಕೇಳಿದಳು. "ಅಷ್ಟು ವರ್ಷ ನಿನ್ನ ಹತ್ರ ಇದ್ದೋಳು, ಕೊನೆಗೆ ಎಂತಕ್ಕೆ ಇಲ್ಲಿಗೆ ಬಂದಳೇ?"

ನಾನು ಹೇಳಿದೆ. "ಅವಳೇ ಹಟ ಹಿಡಿದಳು. ತಮ್ಮನ ಮನೇಲಿ ಇರ್ಬೇಕು ಅಂದಳು."

"ನೋಡು ಮತ್ತೆ! ನೀನು ಅಷ್ಟೆಲ್ಲ ದುಡ್ಡು ಸುರಿದು ಅವಳಿಗೋಸ್ಕರ ಸೋಲಾರ್ ಹಾಕ್ಸಿದ್ದಿ ಅಂತಲ್ಲ. ಮಾಡಿದ್ದಕ್ಕೆ ಒಂಚೂರು ನೆನಪು ಬೇಡ್ವಾ?" ಪಕ್ಕದ ಎಲೆಯವಳೂ ಹೌದು ಹೌದೆಂದು ತಲೆಯಾಡಿಸಿದಳು. "ಎಷ್ಟೆಂದ್ರೂ ಅವಳದ್ದು ಸ್ವಲ್ಪ ಸ್ವಾರ್ಥದ ಬುದ್ಧಿ" ಎಂದಳು.

ನಾನು ಅವರಿಬ್ಬರಿಗೂ ಇನ್ನೊಂದು ಸೌಟು ಪಾಯಸ ಬಡಿಸಿ ಮುಂದಿನ ಎಲೆಗೆ ಹೋದೆ.