ಹರಳೆಂಬ ಸವತಿ

ಬೀದಿಯವರು ಹರಳಪ್ಪನವರು ಎಂದು ಕರೆಯುವ ವಿಜ್ಞಾನಿ, ಮೇಜಿನ ಮೇಲೆ ನೊಣ ಕೂತರೂ ಅಲುಗಿತೆಂದು ಹುಬ್ಬು ಗಂಟಿಕ್ಕುವ ಪೈಕಿ. ಊರಾಚೆಯ ದುಂಡು ಕಟ್ಟಡದಲ್ಲಿ, ಸುತ್ತುವ ಎಲೆಕ್ಟ್ರಾನುಗಳು ಚೆಲ್ಲುವ ಎಕ್ಸ್-ರೇ ಬೆಳಕನ್ನು ಸಾಸಿವೆಯಷ್ಟು ಹರಳಿನ ಮೇಲೆ ಬಿಟ್ಟು, ಒಳಗಿನ ಪರಮಾಣುಗಳು ಎಷ್ಟು ನಡುಗುತ್ತವೆಂದು ಅಳೆಯುವುದು ಅವರ ಕೆಲಸ. ಮನೆಗೆ ಬಂದರೂ ಅದೇ ಮಾತು: "ಇವತ್ತು ಎಷ್ಟು ಚೆನ್ನಾಗಿ ನಡುಗಿತು ಗೊತ್ತಾ!" ಹೆಂಡತಿಗೆ ಮೈಯೆಲ್ಲ ಉರಿ. ಚಳಿಜ್ವರದಲ್ಲಿ ತಾನು ನಡುಗಿದಾಗ ಕಂಬಳಿ ಹೊದಿಸುತ್ತಾ, "ಹರಳಾದರೆ ತಣ್ಣಗಾದಷ್ಟೂ ನಡುಕ ಕಮ್ಮಿ ಕಣೇ" ಎಂದ ಮಹಾನುಭಾವ! "ಆ ಸವತಿ ಜೊತೇಲೇ ಸಂಸಾರ ಮಾಡಿ" ಎಂದು ಆಕೆ ಎಂಟು ದಿನ ಅಕ್ಕನ ಮನೆಗೆ ಹೋದಳು. ಹೋದಲ್ಲೂ ಒಂದೇ ಸಂಕಟ, ತನ್ನ ನೆನಪಾದರೂ ಆಯಿತೋ ಇಲ್ಲವೋ. ಮರಳಿದವಳು ಚಪ್ಪಲಿ ಬಿಡುವ ಮೊದಲೇ ಅದನ್ನೇ ಕೇಳಿದಳು. ಅವರು ತಲೆ ಕೆರೆದುಕೊಂಡರು: "ಹರಳು ಕೂರಿಸೋ ಹಿಡಿಕೇನ ಖಾಲಿ ಇದ್ದಾಗಲೂ ಅಳೀತೀವಿ. ಒಟ್ಟು ಅಳತೇಲಿ ಅದನ್ನ ಕಳೆದರೇನೇ ಹರಳಿನದೆಷ್ಟು ಅಂತ ತಿಳಿಯೋದು. ಎಂಟು ದಿನ ಖಾಲಿ ಮನೆ ಅಳೆದೆ. ನಲ್ಲಿ ತೊಟ್ಟಿಕ್ಕೋದು, ಗಡಿಯಾರದ ಟಿಕ್‌ಟಿಕ್, ಅಷ್ಟೇ. ಉಳಿದದ್ದೆಲ್ಲಾ ನೀನೇ ಕಣೇ." ಆಕೆಯ ಕಣ್ಣು ತುಂಬಿತು, ಆದರೂ ಚೀಲವನ್ನು ಕುಕ್ಕಿ ಅಂದಳು: "ಈ ಒಂದು ಒಳ್ಳೇ ಮಾತನ್ನೂ ಆ ಬಿನ್ನಾಣಗಿತ್ತಿ ಹತ್ತಿರವೇ ಕಲಿತು ಬರಬೇಕಿತ್ತೇನ್ರೀ?"