ಕೊರಳು ತೋರಿಸು ಎನ್ನುತ್ತಿದ್ದ ದೊಡ್ಡವ್ವ

ದೊಡ್ಡವ್ವನ ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂರಬೇಕಾದರೆ ಮೊದಲು ಕೊರಳು ತೋರಿಸಬೇಕಿತ್ತು. ಮುದ್ದೆ ತಿರುವುವ ಕೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತುಬಿಡುತ್ತಿದ್ದಳು. “ಎಲ್ಲಿ, ಕೊಳ್ಳು ತೋರ್ಸು.” ರಜೆಗೆ ಬಂದ ನಾವು ಮಕ್ಕಳೆಲ್ಲ ಸಾಲಾಗಿ ನಿಂತು, ಅಂಗಿಯೊಳಗಿಂದ ಶಿವದಾರ ಎಳೆದು, ಅದರ ತುದಿಗಿದ್ದ ಲಿಂಗದ ಕರಡಿಗೆಯನ್ನು ತೋರಿಸಿ ಒಳಗೆ ಹೋಗುತ್ತಿದ್ದೆವು. “ಪೂಜೆ ಆತಾ?” ಎನ್ನುವುದು ಎರಡನೆಯ ಪ್ರಶ್ನೆ. ಸುಳ್ಳು ಹೇಳಿದರೆ ಹಣೆಯ ವಿಭೂತಿ ಇವತ್ತಿನದೋ ನಿನ್ನೆಯದೋ ಎಂದು ನೋಡಿ ಹಿಡಿದುಬಿಡುತ್ತಿದ್ದಳು. ಹಿಡಿದರೆ ಬಚ್ಚಲಿಗೆ ವಾಪಸು.

ದೊಡ್ಡವ್ವ ಎಂದರೆ ಸಿದ್ದಮ್ಮ, ನನ್ನ ಅವ್ವನ ಅಕ್ಕ. ಮೊಳಕಾಲ್ಮುರಿನ ಕಡೆ ಹುಟ್ಟಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಗೆ ಸೊಸೆಯಾಗಿ ಬಂದವಳು. ತವರಿನ ತೆಲುಗನ್ನು ಮರೆತಿರಲಿಲ್ಲ, ಆದರೆ ತೀರಾ ಕೋಪಕ್ಕೋ ತೀರಾ ಖುಷಿಗೋ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಮಿಲ್ಲಿನ ಸದ್ದಿನ ಪಕ್ಕದಲ್ಲೇ ಸಂಸಾರ ಮಾಡಿ ಗಂಟಲು ದೊಡ್ಡದಾಗಿತ್ತು. ಆ ಮನೆಯಲ್ಲಿ ಯಾರೂ ಗುಟ್ಟಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವಳ ಸೀರೆಗೆ, ದಿಂಬಿಗೆ, ಅವಳು ತಟ್ಟಿ ಮಲಗಿಸಿದ ಮಕ್ಕಳ ತಲೆಗೆ ಕೂಡ ಶೇಂಗಾ ಎಣ್ಣೆಯ ವಾಸನೆ.

ಯಾವುದಕ್ಕೂ ಸುಲಭಕ್ಕೆ ಮೆಚ್ಚುವವಳಲ್ಲ. ಮನೆಗೆ ಹೊಸ ಫ್ರಿಜ್ಜು ಬಂದಾಗ “ಅದೇನ್ ಮಹಾ, ಮಡಿಕೆಗಿಂತ ತಣ್ಣಗೈತಾ?” ಎಂದಳು. ನಾನು ಬಿ.ಎ. ಪಾಸಾದಾಗ “ಅದೇನ್ ಮಹಾ, ಓದಿದ್ಕೆ ಪಾಸಾಗೀಯ” ಎಂದು ಹೇಳಿ, ಆಮೇಲೆ ಓಣಿಯ ಮನೆಮನೆಗೂ ಸಕ್ಕರೆ ಹಂಚಿಕೊಂಡು ಬಂದಳು.

ನನ್ನ ಚಿಕ್ಕಂದಿನಲ್ಲಿ ಒಮ್ಮೆ ಹೊಸ ಬೀಗರು ಊಟಕ್ಕೆ ಬಂದಿದ್ದರು. ಅವರಲ್ಲಿ ಹೊಸ ಅಳಿಯನ ಅಣ್ಣ ದಾವಣಗೆರೆಯ ಬಟ್ಟೆ ವ್ಯಾಪಾರಿ, ಗರಿಗರಿ ಪಂಚೆ ಉಟ್ಟ ಮನುಷ್ಯ. ಎಲೆಯ ಮುಂದೆ ಕೂತಾಗ ದೊಡ್ಡವ್ವ ಅವರನ್ನೂ ಬಿಡಲಿಲ್ಲ. ಆತ ಕೊರಳು ಮುಟ್ಟಿ ನೋಡಿಕೊಂಡು, “ಅವಸರದಾಗ ಮರೆತು ಬಂದೀನ್ರಿ” ಎಂದರು. ದೊಡ್ಡವ್ವ ಬಡಿಸುವ ಸೌಟನ್ನು ಪಾತ್ರೆಯೊಳಗೇ ಬಿಟ್ಟು, “ಪಂಚೆ ಉಡೋದು ಮರೆತಿಲ್ವಲ್ರೀ?” ಎಂದಳು. ಪಂಕ್ತಿಯೆಲ್ಲ ಗೊಳ್ಳೆಂದಿತು. ಆ ಮನುಷ್ಯ ಕಿವಿಯವರೆಗೆ ಕೆಂಪಾಗಿ ಎದ್ದುಹೋದರು. ದೊಡ್ಡಪ್ಪ ಹಿಂದೆಯೇ ಓಡಿ, ಬಸ್ಟ್ಯಾಂಡಿನ ಹೋಟೆಲಿನಲ್ಲಿ ಅವರಿಗೆ ದೋಸೆ ತಿನ್ನಿಸಿ ಸಮಾಧಾನ ಮಾಡಿ ಕಳಿಸಿದ್ದು ನಮ್ಮ ಕುಟುಂಬದಲ್ಲಿ ಬಹಳ ದಿನ ನಗೆಯ ಮಾತಾಗಿತ್ತು.

ಇಷ್ಟು ಗಟ್ಟಿ ಹೆಂಗಸು ಪೂಜೆಗೆ ಕೂತರೆ ಮಾತ್ರ ಬೇರೆಯಾಗುತ್ತಿದ್ದಳು. ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು, ಪತ್ರೆ ಏರಿಸಿ, ಅದರ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಮಂತ್ರವಲ್ಲ, ಮನೆಯ ಸುದ್ದಿ. “ನಿನ್ನೆಯಿಂದ ಕರೆಂಟಿಲ್ಲ. ಮಿಲ್ಲು ನಿಂತೈತೆ. ಇವರಿಗೆ ಮಂಡಿ ನೋವು. ನೋಡ್ಕೋ ಮತ್ತೆ.” ಆ ದನಿ ದೊಡ್ಡಪ್ಪನಿಗೂ ಸಿಗುತ್ತಿರಲಿಲ್ಲ. ಪೂಜೆಯಾಗದೆ ಹನಿ ನೀರು ಕುಡಿಯುವವಳಲ್ಲ. ಅಕಸ್ಮಾತ್ ಲಿಂಗ ಕಳೆದುಹೋದರೆ, ಗುರುವಿನ ಕೈಯಿಂದ ಇನ್ನೊಂದು ಪಡೆಯುವವರೆಗೆ ಬಾಯಿಗೆ ಏನೂ ಹಾಕಬಾರದು ಎಂಬುದು ಅವಳ ಕಟ್ಟಳೆ. ಹಾಗೆ ಕಳೆದುಕೊಂಡವರ ಕಥೆಗಳನ್ನು ಸತ್ತವರ ಕಥೆಗಳಂತೆ ಹೇಳುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಮಂಗಳೂರಿನಲ್ಲಿದ್ದೆ. ನನ್ನವರಿಗೆ ಬ್ಯಾಂಕಿನ ಕೆಲಸ, ಅಲ್ಲಿಗೆ ವರ್ಗವಾಗಿತ್ತು. ಬಿಜೈ ಕಡೆ ಒಂದು ಹೆಂಚಿನ ಮನೆಯ ಮಾಳಿಗೆಯಲ್ಲಿ ನಾವು, ಕೆಳಗೆ ಮನೆಯ ಒಡತಿ ಲಿಲ್ಲಿಬಾಯಿ. ಅವರು ಕ್ರಿಶ್ಚಿಯನ್ನರು, ಒಬ್ಬರೇ ಇದ್ದರು. ನನ್ನ ಮಗಳು ಚಿನ್ನುವಿಗೆ ಅರ್ಧ ಅಜ್ಜಿಯಾಗಿದ್ದರು. ದಸರಾ ರಜೆಗೆ ಊರಿಗೆ ಹೋದವಳು ವಾಪಸು ಬರುವಾಗ, ಮಿಲ್ಲಿಗೆ ಹೊಸ ಶೇಂಗಾ ಬರುವ ಮುಂಚೆ ನಾಲ್ಕು ದಿನ ಇದ್ದು ಬಾ ಎಂದು ದೊಡ್ಡವ್ವನನ್ನು ಎಳೆದುಕೊಂಡು ಬಂದೆ. ಮಗಳ ಮನೆಗೆ ಹೋದ ಹಾಗೆ ಸಂಭ್ರಮ ಅವಳಿಗೆ. ಕೊರಳಿನ ಬೆಳ್ಳಿ ಕರಡಿಗೆಗೆ ಹೊಸ ಶಿವದಾರ ಹಾಕಿಕೊಂಡಿದ್ದಳು, ಮಿರಿಮಿರಿ ಮಿಂಚುವ ನೈಲಾನು. “ಹಳೇದು ಬೆವರಿಗೆ ಕಂದೋಗಿತ್ತು. ಪ್ಯಾಟೆ ಮಂದಿ ಏನಂದ್ಕೊಂತಾರೆ?” ಎಂದಳು.

ಮಂಗಳೂರಿನಲ್ಲಿ ಎರಡು ದಿನ “ಅದೇನ್ ಮಹಾ” ಕೇಳಿ ಕೇಳಿ ಸಾಕಾಯಿತು. ತೆಂಗಿನ ತೋಟ, ಅದೇನ್ ಮಹಾ. ಗೋಳಿಬಜೆ, ಅದೇನ್ ಮಹಾ, ನಮ್ಮ ಬೋಂಡವೇ. ಹಂಪನಕಟ್ಟೆಯಲ್ಲಿ ಎತ್ತರದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದರೆ, ತಳದವರೆಗೂ ಚಮಚ ಆಡಿಸಿ ತಿಂದು, ಅದಕ್ಕೂ ಅದೇ ಮಾತು. ಸಿಟಿ ಬಸ್ಸಿನ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಸೀಟಿ ಊದುವುದನ್ನು ಮಾತ್ರ ಬಾಯಿ ತೆರೆದು ನೋಡುತ್ತಿದ್ದಳು. ಕೆಳಗೆ ಲಿಲ್ಲಿಬಾಯಿಯ ಮೀನು ಹುರಿಯುವ ವಾಸನೆ ಬಂದಾಗ ಮೂಗಿಗೆ ಸೆರಗು ಹಿಡಿದು ಹಿತ್ತಲಿನ ಕಡೆ ಹೋಗಿ ನಿಲ್ಲುತ್ತಿದ್ದಳು. ಪುಣ್ಯಕ್ಕೆ ಗಟ್ಟಿಯಾಗಿ ಏನೂ ಅನ್ನಲಿಲ್ಲ.

ಮೂರನೆಯ ದಿನ ಸಂಜೆ ಪಣಂಬೂರಿಗೆ ಹೋದೆವು. ಮರಳು ಏರಿ ಸಮುದ್ರ ಕಂಡ ಕೂಡಲೇ ನಾನು ಅವಳ ಬಾಯಿ ನೋಡಿದೆ, ಈಗ ಬರುತ್ತದೆ ಎಂದು. ಬರಲಿಲ್ಲ. “ಅಬ್ಬಾ! ಎನ್ನಿ ನೀಳ್ಳು!” ಎಂದು ತೆಲುಗಿನಲ್ಲಿ ಉದ್ಗರಿಸಿದಳು. ಎಷ್ಟೊಂದು ನೀರು! ಕೊಡ ಹಿಡಿದು ಬೀದಿ ನಲ್ಲಿಯ ಮುಂದೆ ಆಯುಷ್ಯ ಕಳೆದವಳಿಗೆ ಇನ್ನೇನು ಮಾತು ಬರಬೇಕು? ಚಿನ್ನು ಕೈ ಹಿಡಿದು ಎಳೆದಳು. ಬಂಗಾರದ ಸರ ಬಿಚ್ಚಿ ನನ್ನ ಪರ್ಸಿಗೆ ಹಾಕಿದ ದೊಡ್ಡವ್ವ, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಕೂತೇಬಿಟ್ಟಳು. ಅಲೆ ಬಂದು ಬೆನ್ನಿಗೆ ಹೊಡೆದರೆ ಉರುಳಿ ಬೀಳುವಳು, ಏಳುವಳು, ನಗುವಳು. ಆ ದೊಡ್ಡ ಗಂಟಲಿನ ನಗೆಗೆ ದಡದ ಮಂದಿಯೆಲ್ಲ ತಿರುಗಿ ನೋಡಿದರು. ನನಗೆ ಸ್ವಲ್ಪ ಮುಜುಗರವಾದರೂ, ಅವಳು ಹಾಗೆ ನಕ್ಕಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಹೊತ್ತು ಮುಳುಗುವವರೆಗೆ ಈಚೆ ಬರಲಿಲ್ಲ.

ಬಂದವಳು ಮಾತ್ರ ಮಾತಿಲ್ಲದೆ ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಸುತ್ತಿಕೊಂಡಳು. ಚಳಿಯೆಂದುಕೊಂಡೆ. ಮನೆಗೆ ಬಂದು ಸ್ನಾನ ಮಾಡಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ “ಹೊಟ್ಟೆ ಸರಿ ಇಲ್ಲ ಕಣೆ.” ಮಾರನೆಯ ಬೆಳಿಗ್ಗೆಯೂ ಅದೇ. ರೊಟ್ಟಿ ಬೇಡ, ಗಂಜಿ ಬೇಡ, ಮಜ್ಜಿಗೆ ಬೇಡ. ನೀರಿನ ಲೋಟ ಇಟ್ಟರೆ ಹಾಗೇ ಇರುತ್ತಿತ್ತು.

ಕೆಳಗಿನ ಮೀನಿನ ವಾಸನೆಗೆ ಅಸಹ್ಯಪಟ್ಟು ಊಟ ಬಿಟ್ಟಿದ್ದಾಳೆ ಎಂದು ನಾನು ತೀರ್ಮಾನ ಮಾಡಿದೆ. ಕೆಟ್ಟದ್ದೆಂದರೆ, ಲಿಲ್ಲಿಬಾಯಿಯೂ ಅದನ್ನೇ ಅಂದುಕೊಂಡರು. ಆ ದಿನ ಭಾನುವಾರ, ಇಗರ್ಜಿಯಿಂದ ಬರುವಾಗ ತಂದಿದ್ದ ಮೀನನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರಂತೆ. ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, “ನಮ್ಮಿಂದಾಗಿ ಅಮ್ಮ ಉಪವಾಸ ಕೂತದ್ದಾ? ಹೇಳಿ ಮಾರಾಯ್ರೆ, ನನಗೆ ತುಂಬಾ ನಾಚಿಕೆ ಆಗ್ತದೆ” ಎಂದರು. ಅವರದೇ ಮನೆಯಲ್ಲಿ ಅವರನ್ನು ನಾಚಿಸಿದೆವಲ್ಲ ಎಂದು ನನಗೆ ಭೂಮಿಗಿಳಿದುಹೋದಂತಾಯಿತು. ಮೇಲೆ ಹೋದವಳೇ ದೊಡ್ಡವ್ವನ ಮೇಲೆ ರೇಗಿದೆ. “ನಿನ್ನ ಮಡಿ ಚಳ್ಳಕೆರೇಲಿ ಬಿಟ್ಟು ಬರ್ಬೇಕಿತ್ತು. ಅವರೇನು ನಿನ್ನ ತಟ್ಟೆಗೆ ಮೀನು ಹಾಕಿದ್ರಾ?” ದೊಡ್ಡವ್ವ ತಿರುಗಿ ಬೈಯಲಿಲ್ಲ. “ಕೆಳಗಿನ ಅವ್ವಂಗೆ ಹೇಳು, ಹಂಗಲ್ಲ ಅಂತ” ಎಂದಳು ಅಷ್ಟೆ. ತುಟಿ ಒಣಗಿ ಬಿರಿದಿತ್ತು.

ಅಷ್ಟರಲ್ಲಿ ಲಿಲ್ಲಿಬಾಯಿ ತಾವೇ ಮೇಲೆ ಬಂದರು, ಕೈಯಲ್ಲಿ ಎಳನೀರು. ಅವಳ ಎದುರು ನೆಲದ ಮೇಲೆ ಕೂತು, “ಇದಕ್ಕೆ ಯಾರ ಮನೆಯ ವಾಸನೆಯೂ ಇಲ್ಲ ಅಮ್ಮಾ, ಕುಡಿಯಿರಿ” ಎಂದರು. ದೊಡ್ಡವ್ವ ಕೈ ಮುಗಿದಳು. ಕೈ ಮುಗಿಯುವಾಗ ಕೊರಳಿಗೆ ಸುತ್ತಿದ್ದ ಸೆರಗು ಜಾರಿತು. ಲಿಲ್ಲಿಬಾಯಿ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕೊರಳ ಶಿಲುಬೆಯ ಸರವನ್ನು ಮುಟ್ಟಿಕೊಂಡು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಇವರ ಬೆಳ್ಳಿಯದ್ದು ಎಲ್ಲಿ?”

ದೊಡ್ಡವ್ವ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡಳು. ಮೈಮೇಲೆ ಬಟ್ಟೆ ಇಲ್ಲದವರು ಮುಚ್ಚಿಕೊಳ್ಳುವ ಹಾಗೆ. ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

“ಸಮುದ್ರದಾಗ ಹೋತು ಕಣೆ” ಎಂದಳು. “ಸುಡುಗಾಡು ನೈಲಾನು, ಗಂಟು ನಿಲ್ಲಲಿಲ್ಲ. ಯಾರಿಗೂ ಹೇಳಬ್ಯಾಡ.”

ನನ್ನವರು ಆ ಮಧ್ಯಾಹ್ನವೇ ಪಣಂಬೂರಿಗೆ ಹೋಗಿ, ಅಲೆ ಎಸೆದ ಕಸವನ್ನೆಲ್ಲ ಕೆದಕಿ, ಪ್ಯಾಂಟಿನ ತುಂಬ ಮರಳು ತುಂಬಿಕೊಂಡು ಬರಿಗೈಲಿ ಬಂದರು. ನನಗೆ ಭಯ ಹತ್ತಿತು. ದೇವರ ಗೂಡಿನಲ್ಲಿ ನನ್ನ ಲಿಂಗವಿತ್ತು. ನಾನು ಅದನ್ನು ಕೊರಳಿಗೆ ಹಾಕುವುದು ಬಿಟ್ಟು ವರ್ಷಗಳಾಗಿದ್ದವು. ತಂದು ಅವಳ ಮುಂದೆ ಹಿಡಿದೆ. “ನಂದನ್ನೇ ಪೂಜೆ ಮಾಡು ದೊಡ್ಡವ್ವ. ಒಂದು ಗುಟುಕು ನೀರು ಕುಡಿ.”

ಅಂಥ ಹೊತ್ತಿನಲ್ಲೂ ಅವಳಿಗೆ ತಡೆಯಲಾಗಲಿಲ್ಲ. “ಇನ್ನೊಬ್ಬರ ಗಂಡನ್ನ ಕೈಗಡ ಇಸ್ಕೊಂತಾರೇನೆ?” ಎಂದಳು. ಆಮೇಲೆ ಅತ್ತಳು. “ಅವತ್ತು ಆ ದಾವಣಗೆರೆ ಬೀಗರನ್ನ ಎಲೆ ಮುಂದಿಂದ ಎಬ್ಬಿಸಿದ್ನಲ್ಲೇ. ಅವರ ಮುಖ ಕಣ್ಮುಂದೆ ಬರ್ತೈತೆ.”

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು, ನಾನು, ಅವಳು ಇಬ್ಬರೇ. ಚಿನ್ನುವನ್ನು ಲಿಲ್ಲಿಬಾಯಿ ಇಟ್ಟುಕೊಂಡರು. ಚಾರ್ಮಾಡಿಯ ತಿರುವುಗಳಲ್ಲಿ ಅವಳು ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದಳು. ಕಡೂರಿನಲ್ಲಿ ಬಸ್ಸು ನಿಂತಾಗ ನೀರಿನ ಬಾಟಲಿ ಹಿಡಿದು ಗೋಗರೆದೆ. ತಲೆಯಾಡಿಸಿದಳು. ಎಲ್ಲಿ ದಾರಿಯಲ್ಲೇ ಏನಾದರೂ ಆಗಿಬಿಡುತ್ತದೋ ಎಂದು ನಾನು ಅವಳ ಮೂಗಿನ ಹತ್ತಿರ ಕೈ ಇಟ್ಟು ಇಟ್ಟು ನೋಡುತ್ತಿದ್ದೆ. ಚಳ್ಳಕೆರೆಯಲ್ಲಿ ಇಳಿದು, ಮನೆಗೂ ಹೋಗದೆ, ನೇರ ಮಠಕ್ಕೆ ಹೋದೆವು. ಊರಿನವರ ಕೊರಳನ್ನೆಲ್ಲ ತಪಾಸಣೆ ಮಾಡಿದವಳು ಬರಿ ಕೊರಳಲ್ಲಿ, ತಲೆ ತಗ್ಗಿಸಿ, ಜಗಲಿಯ ಮೂಲೆಯಲ್ಲಿ ನಿಂತಳು. ಮಠದ ಅಯ್ಯನವರಿಗೆ ವಯಸ್ಸಾಗಿತ್ತು. ಹೇಗೆ ಹೋಯಿತು, ಎಲ್ಲಿ ಹೋಯಿತು ಎಂದು ಒಂದು ಮಾತು ಕೇಳಲಿಲ್ಲ. ಅವಳ ಮುಖ ನೋಡಿ, “ಬೇಗ ಮೈ ತೊಳ್ಕೊಂಡು ಬಾರವ್ವ” ಎಂದರು. ಹೊಸ ಲಿಂಗ ಅಂಗೈಗೆ ಬಂದ ಮೇಲೆ ಅವಳು ಕುಡಿದ ನೀರಿನ ಸದ್ದು ನನಗೆ ಜಗಲಿಗೆ ಕೇಳಿಸಿತು.

ಅಲ್ಲಿಂದ ಮುಂದೆ ದೊಡ್ಡವ್ವ ಯಾರ ಕೊರಳನ್ನೂ ಕೇಳಲಿಲ್ಲ. ಮೊಮ್ಮಕ್ಕಳು ಎದ್ದ ಮುಖದಲ್ಲೇ ಒಳಗೆ ನುಗ್ಗಿ ತಿಂದರೂ ಸುಮ್ಮನೆ ಬಡಿಸುತ್ತಿದ್ದಳು. ವಯಸ್ಸಾಯಿತು, ಮೆತ್ತಗಾದಳು ಎಂದು ಮನೆಯವರು ಸಂತೋಷಪಟ್ಟರು. ನನಗೆ ಸಂಕಟವಾಗುತ್ತಿತ್ತು. ಆ ಬಾಗಿಲಿನಲ್ಲಿ ನಿಂತು ಬೈಯುವವರಿಲ್ಲದೆ ಊಟಕ್ಕೆ ರುಚಿಯೇ ಇಲ್ಲವೆನಿಸುತ್ತಿತ್ತು. ಮಂಗಳೂರಿಗೆ ಮತ್ತೆ ಕರೆದೆ, ಬರಲಿಲ್ಲ. ಲಿಲ್ಲಿಬಾಯಿಗೆ ಮಾತ್ರ ಪ್ರತಿ ವರ್ಷ ಒಂದು ಡಬ್ಬಿ ಎಣ್ಣೆ ನನ್ನ ಜೊತೆ ಕಳಿಸುತ್ತಿದ್ದಳು.

ಆಮೇಲೆ ನಮಗೆ ಬೇರೆ ಬೇರೆ ಊರುಗಳಾದವು. ಅವಳು ಹಾಸಿಗೆ ಹಿಡಿದ ಸುದ್ದಿ ಬಂದಾಗ ಹೋಗಿ ನೋಡಿದೆ. ಮಿಲ್ಲು ಮುಚ್ಚಿ ವರ್ಷಗಳಾಗಿದ್ದವು, ಮನೆ ನಿಶ್ಶಬ್ದವಾಗಿತ್ತು. ಅವಳ ಗಂಟಲೂ ಸಣ್ಣದಾಗಿತ್ತು. ಸೊಸೆಯನ್ನು ಟೀ ಮಾಡಲು ಕಳಿಸಿ, ನನ್ನನ್ನು ಹತ್ತಿರ ಕರೆದಳು. ಇದೇ ಕೊನೆಯ ಭೇಟಿಯೆಂದು ಇಬ್ಬರಿಗೂ ಗೊತ್ತಿತ್ತು.

“ಒಂದು ಹೇಳ್ತೀನಿ, ನಿನ್ನಲ್ಲೇ ಇಟ್ಕೊ” ಎಂದಳು. “ಅವತ್ತು ದಾರ ಸಡಿಲಾಗಿದ್ದು ನಂಗೆ ಗೊತ್ತಾಗಿತ್ತು ಕಣೆ.”

ನಾನು ಹಾಸಿಗೆಗೆ ಇನ್ನಷ್ಟು ಸರಿದು ಕೂತೆ.

“ಕುತ್ತಿಗೆ ಹಿಂದೆ ಗಂಟು ಜಾರ್ತಾ ಇತ್ತು. ಮುಟ್ಟಿ ನೋಡ್ಕೊಂಡೆ. ಈಚೆ ಬಂದು ಬಿಗಿ ಮಾಡ್ಕೊಬೇಕಿತ್ತು. ಆದ್ರೆ ದೂರದಾಗ ಒಂದು ದೊಡ್ಡ ಅಲೆ ಎದ್ದು ಬರ್ತಿತ್ತು. ಇದೊಂದು ಬಂದೋಗ್ಲಿ, ಆಮೇಲೆ ಕಟ್ಕೊಂತೀನಿ ಅಂತ ಅಲ್ಲೇ ಕುಂತೆ. ಅಯ್ಯನವರಿಗೂ ಇದನ್ನ ಹೇಳಲಿಲ್ಲ. ದಿನಾ ಪೂಜೆಗೆ ಕುಂತಾಗ ಇವನಿಗೂ ಹೇಳೋಕಾಗಲಿಲ್ಲ, ನಾಚಿಕೆ.” ಎದೆಯ ಮೇಲಿದ್ದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡಳು.

ಆಮೇಲೆ, ಸೊಸೆ ಬಂದಾಳೇನೋ ಎಂದು ಬಾಗಿಲ ಕಡೆ ನೋಡಿ, ನನ್ನ ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು.

“ಆದ್ರೆ ಆ ಅಲೆ ಐತಲ್ಲ,” ಎಂದಳು, “ಭಾಳ ಚೆನ್ನಾಗಿತ್ತು ಕಣೆ.”